ಬೀಥೋವನ್ ಮತ್ತು ಗೋಪುರದ ನಾಲ್ಕು ಟ್ರಾಂಬೋನುಗಳು

ನಮ್ಮ ಜೂಟರ್‌ಮೀರ್‌ನಿಂದ ರಾಂಡ್‌ಸ್ಟಾಡ್‌ರೇಲ್‌ನ 3 ಅಥವಾ 4ನೇ ಗಾಡಿ ಹತ್ತಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಡೆನ್ ಹಾಗ್ ತಲುಪುತ್ತೇವೆ. ರಾಯಭಾರ ಕಚೇರಿಯ ಕೆಲಸಕ್ಕೆಂದೋ, ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಸಮುದ್ರ ತೋರಿಸಲೆಂದೋ ನಾವೆಲ್ಲ ಆ ದಾರಿಯನ್ನು ಹತ್ತಾರು ಬಾರಿ ಸವೆಸಿದವರೇ. ಅದೇ ಡೆನ್ ಹಾಗ್‌ಗೆ 1783ರ ನವೆಂಬರ್ ತಿಂಗಳ ಚಳಿಯಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ತಾಯಿಯೊಡನೆ ಬಂದು, ರಾಜಕುಮಾರ ಐದನೆಯ ವಿಲಿಯಮನ ಆಸ್ಥಾನದಲ್ಲಿ ಪಿಯಾನೋ ನುಡಿಸಿ ಹೋಗಿದ್ದ. ಆ ಹುಡುಗ ಲುಡ್ವಿಗ್ ವಾನ್ ಬೀಥೋವನ್ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ.

ಸಂಘದ ಸ್ಮರಣ ಸಂಚಿಕೆ ಎಂದ ಮೇಲೆ ಪಂಪ, ಬಸವಣ್ಣ, ಕುವೆಂಪು, ಬೇಂದ್ರೆಯವರ ವಿಷಯವಾಗಿ ಬಲ್ಲವರು ಬರೆದೇ ಬರೆಯುತ್ತಾರೆ. ಸಾಹಿತ್ಯದಲ್ಲಾಗಲೀ ಸಂಗೀತದಲ್ಲಾಗಲೀ ಪಂಡಿತರಲ್ಲದ ನಾವು, ಹೇಳಿಕೇಳಿ ವೈದ್ಯ ವೃತ್ತಿಯವರು, ಈ ನೆರೆಮನೆಯ ದೊಡ್ಡ ಜೀವದ ಕಥೆಯನ್ನು ಹೇಳಲು ಹೊರಟಿದ್ದೇವೆ. ಅವನ ಒಂಬತ್ತು ಸಿಂಫನಿಗಳ ಗುಣಗಾನ ನಮ್ಮಿಂದಾಗುವ ಕೆಲಸವಲ್ಲ. ಅವನು ಬರೆದ ಮೂರು ಪುಟ್ಟ ಕೃತಿಗಳ ಬೆನ್ನು ಹತ್ತಿ ಹೋಗುತ್ತೇವೆ. ಮೂರೂ ಸೇರಿದರೆ ಐದಾರು ನಿಮಿಷ. ನಾಲ್ಕು ಟ್ರಾಂಬೋನುಗಳಿಗಾಗಿ ಬರೆದವು, ಸತ್ತವರಿಗಾಗಿ ಬರೆದವು.

ಮೊದಲು ಹೆಸರಿನ ಮಾತು. ಇಲ್ಲಿ ಬಾಗಿಲ ಫಲಕಗಳ ಮೇಲೆ ಎಲ್ಲಿ ನೋಡಿದರೂ ಕಾಣುವ ವಾನ್ ಎಂಬ ಶಬ್ದವೇ ಅವನ ಹೆಸರಿನಲ್ಲೂ ಇರುವುದು; ಜರ್ಮನರ ಫಾನ್ ಅಲ್ಲ. ಅವನ ಅಜ್ಜನ ಹೆಸರೂ ಲುಡ್ವಿಗ್ ಎಂದೇ. ಇಂದಿನ ಬೆಲ್ಜಿಯಂನ ಮೆಖೆಲೆನ್ ಪಟ್ಟಣದಲ್ಲಿ 1712ರಲ್ಲಿ ಹುಟ್ಟಿದ ಆತ, ಹಾಡುವ ಕೆಲಸ ಹುಡುಕಿಕೊಂಡು 1733ರಲ್ಲಿ ಜರ್ಮನಿಯ ಬಾನ್ ನಗರಕ್ಕೆ ಹೋಗಿ ನೆಲೆಸಿದ. ಕಾಲಕ್ರಮದಲ್ಲಿ ಅಲ್ಲಿನ ಆಸ್ಥಾನದ ಸಂಗೀತ ಮುಖ್ಯಸ್ಥನೂ ಆದ. ಅಂದರೆ ನಮ್ಮಂತೆ ಹೊಟ್ಟೆಪಾಡಿಗೆ ಊರು ಬಿಟ್ಟ ಮನೆತನ. ಜರ್ಮನ್ ದೇಶಗಳಲ್ಲಿ ಫಾನ್ ಎಂದರೆ ಕುಲೀನ ವಂಶದ ಗುರುತು. ಡಚ್ಚರ ವಾನ್ ಎಂದರೆ ಬರೀ ಇಂಥ ಊರಿನವ ಎಂದಷ್ಟೆ. ವಿಯೆನ್ನಾದವರು ಎರಡಕ್ಕೂ ವ್ಯತ್ಯಾಸ ತಿಳಿಯದೆ ಬೀಥೋವನನನ್ನು ಕುಲೀನನೆಂದೇ ಬಹುಕಾಲ ಭಾವಿಸಿದ್ದರು. ಅವನೂ ತಿದ್ದಲು ಹೋಗಲಿಲ್ಲ. 1818ರಲ್ಲಿ ಒಂದು ಕೌಟುಂಬಿಕ ವ್ಯಾಜ್ಯದಲ್ಲಿ ಗುಟ್ಟು ಬಯಲಾಗಿ, ಮೊಕದ್ದಮೆಯನ್ನು ಶ್ರೀಮಂತರ ನ್ಯಾಯಾಲಯದಿಂದ ಸಾಮಾನ್ಯರ ನ್ಯಾಯಾಲಯಕ್ಕೆ ವರ್ಗಾಯಿಸಿದಾಗ ಅವನಿಗಾದ ಅವಮಾನ ಅಷ್ಟಿಷ್ಟಲ್ಲ.

ಬೀಥೋವನ್ ಬಾನ್‌ನಲ್ಲಿ 1770ರ ಡಿಸೆಂಬರಿನಲ್ಲಿ ಹುಟ್ಟಿದ. ಅದೇ ತಿಂಗಳ 17ರಂದು ನಾಮಕರಣವಾಯಿತು. ಏಳು ಮಕ್ಕಳಲ್ಲಿ ಬದುಕಿ ಉಳಿದವರು ಮೂವರು ಗಂಡುಮಕ್ಕಳು. ಅವರಲ್ಲಿ ಇವನೇ ಹಿರಿಯ. ತಂದೆ ಯೊಹಾನ್ ಆಸ್ಥಾನದ ಗಾಯಕ, ಕುಡುಕ. ಮಗನನ್ನು ಎರಡನೆಯ ಮೊಜಾರ್ಟನನ್ನಾಗಿ ಮಾಡುವ ಹುಚ್ಚಿನಲ್ಲಿ ರಾತ್ರಿಯೆಲ್ಲ ಕೂರಿಸಿ ಅಭ್ಯಾಸ ಮಾಡಿಸುತ್ತಿದ್ದನಂತೆ. (ಮಕ್ಕಳನ್ನು ಶನಿವಾರ ಬೆಳಗ್ಗೆ ಸಂಗೀತ ಪಾಠಕ್ಕೂ ಮಧ್ಯಾಹ್ನ ಈಜಿಗೂ ಸಂಜೆ ಕನ್ನಡ ತರಗತಿಗೂ ಓಡಿಸುವ ನಾವು ಇಲ್ಲಿ ಒಮ್ಮೆ ಕೆಮ್ಮಿ ಮುಂದೆ ಹೋಗುವುದು ಲೇಸು.)

ಡಚ್ ನಾಡಿಗೆ ಬಂದ ಕಥೆ ಹೀಗಿದೆ. ಹುಡುಗನಿಗೆ ಪಿಟೀಲು ಕಲಿಸುತ್ತಿದ್ದ ಬಂಧು ರೊವಾಂಟೀನಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಅವನ ಸೋದರಿ ರಾಟರ್‌ಡ್ಯಾಮಿನ ಶ್ರೀಮಂತ ವಿಧವೆಯೊಬ್ಬಳ ಮನೆಯಲ್ಲಿ ಕೆಲಸಕ್ಕಿದ್ದಳು. ತಮ್ಮನ ಸಮಾಧಿ ನೋಡಲು ಬಾನ್‌ಗೆ ಬಂದವಳು, ಹಿಂದಿರುಗುವಾಗ ತಾಯಿ ಮಗನನ್ನು ಜೊತೆಯಲ್ಲಿ ಕರೆದುಕೊಂಡು ಹೊರಟಳು. ರೈನ್ ನದಿಯ ಮೇಲೆ ದೋಣಿ ಪ್ರಯಾಣ. ಚಳಿ ಎಷ್ಟಿತ್ತೆಂದರೆ ಮಗನ ಕಾಲು ಮರಗಟ್ಟದಿರಲೆಂದು ತಾಯಿ ಅವನ್ನು ತನ್ನ ಮಡಿಲಲ್ಲಿಟ್ಟು ಬೆಚ್ಚಗೆ ಹಿಡಿದಿದ್ದಳೆಂದು ಅವರ ಮನೆಯ ಮಾಲೀಕರ ಕುಟುಂಬದವರು ಮುಂದೆ ನೆನಪಿಸಿಕೊಂಡಿದ್ದಾರೆ. 1783ರ ನವೆಂಬರ್ 23ರಂದು ಡೆನ್ ಹಾಗ್ ಆಸ್ಥಾನದಲ್ಲಿ ಕಛೇರಿ. ಹುಡುಗನಿಗೆ ಸಂದ ಸಂಭಾವನೆ 63 ಗಿಲ್ಡರ್. ಅದೇ ಕಛೇರಿಯಲ್ಲಿ ಭಾಗವಹಿಸಿದ್ದ ಪ್ರಸಿದ್ಧ ವಾದಕ ಕಾರ್ಲ್ ಸ್ಟಾಮಿಟ್ಸ್‌ಗೆ ದೊರೆತದ್ದು 14. ಲೆಕ್ಕದ ಪುಸ್ತಕ ಹೀಗೆ ಹೇಳಿದರೂ, ಹುಡುಗ ಮಾತ್ರ ಊರಿಗೆ ಹೋಗಿ, ಡಚ್ಚರು ಬಲು ಜುಗ್ಗರು, ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ಗೊಣಗಿದನಂತೆ. ಮಾತು ಉಳಿಸಿಕೊಂಡ ಕೂಡ. ಮತ್ತೆಂದೂ ಬರಲಿಲ್ಲ. ಡಚ್ಚರು ಮಾತ್ರ ಮುನಿಸಿಕೊಳ್ಳಲಿಲ್ಲ. 1809ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರಾಜಸಂಸ್ಥೆ ಅವನನ್ನು ತನ್ನ ಗೌರವದ ಬಳಗಕ್ಕೆ ಸೇರಿಸಿಕೊಂಡಿತು.

ಮಡಿಲಲ್ಲಿ ಕಾಲಿಟ್ಟುಕೊಂಡಿದ್ದ ಆ ತಾಯಿ 1787ರಲ್ಲಿ ಕ್ಷಯದಿಂದ ತೀರಿಕೊಂಡಳು. ಆಕೆಗೆ ನಲವತ್ತು. ಹತ್ತೊಂಬತ್ತು ತುಂಬುವ ವೇಳೆಗೆ ತಂದೆಯ ಅರ್ಧ ಸಂಬಳವನ್ನು ನೇರವಾಗಿ ತನ್ನ ಕೈಗೇ ಕೊಡಿಸಬೇಕೆಂದು ಅರಸನಿಗೆ ಅರ್ಜಿ ಹಾಕಿ, ಇಬ್ಬರು ತಮ್ಮಂದಿರ ಭಾರ ಹೊತ್ತು ಮನೆಯ ಯಜಮಾನನಾದ. ಅವನ ಮುಂದಿನ ಬದುಕಿನ ಅನೇಕ ರಂಪಗಳಿಗೆ ಬೀಜ ಇಲ್ಲೇ ಬಿತ್ತೆಂದು ನಮ್ಮ ಅಭಿಪ್ರಾಯ. ತಮ್ಮಂದಿರು ದೊಡ್ಡವರಾಗಿ ಸ್ವಂತ ಸಂಸಾರ ಹೂಡಿದ ಮೇಲೂ ಅವನು ಅವರ ಪಾಲಿಗೆ ಅಪ್ಪನಾಗಿಯೇ ಉಳಿಯಲು ಹಟ ಹಿಡಿದ. ನಮ್ಮ ಕಡೆಯ ದೊಡ್ಡ ಸಂಸಾರಗಳಲ್ಲಿ ಇಂಥ ಹಿರಿಯಣ್ಣಂದಿರನ್ನು ನಾವು ಕಂಡಿಲ್ಲವೇ?

1792ರ ನವೆಂಬರಿನಲ್ಲಿ ಹೈಡನ್ ಎಂಬ ಮಹಾಗುರುವಿನ ಬಳಿ ಕಲಿಯಲು ಬೀಥೋವನ್ ವಿಯೆನ್ನಾಕ್ಕೆ ಹೊರಟ. ಮರುತಿಂಗಳೇ ತಂದೆ ಸತ್ತ. ಫ್ರೆಂಚ್ ಸೇನೆ ರೈನ್ ಪ್ರಾಂತ್ಯವನ್ನು ವಶಪಡಿಸಿಕೊಂಡಿತು. ಒಂದೆರಡು ವರ್ಷದ ಮಟ್ಟಿಗೆ ಎಂದು ಹೊರಟವನು ಮುಂದಿನ ಮೂವತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಹುಟ್ಟೂರಿಗೆ ಮರಳಲಿಲ್ಲ. ರೈನ್ ನದಿಯನ್ನು ಮತ್ತೆ ನೋಡುವ ಆಸೆಯನ್ನು ಗೆಳೆಯರಿಗೆ ಬರೆಯುತ್ತಲೇ ಇದ್ದ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಕೂದಲು ನೆರೆಯುವ ಈ ಕಥೆಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಿವಿಯ ಸಮಾಚಾರಕ್ಕೆ ಬರೋಣ. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿಗೆ ತೊಂದರೆ ಶುರುವಾಯಿತು. ಬಾನ್‌ನ ಬಾಲ್ಯಸ್ನೇಹಿತ ವೇಗೆಲರ್ ವೈದ್ಯನಾಗಿದ್ದ. ಅವನಿಗೆ 1801ರಲ್ಲಿ ಬರೆದ ಪತ್ರವನ್ನು ಯಾವ ಕಿವಿ ತಜ್ಞರಾದರೂ ಇಂದಿಗೂ ಒಳ್ಳೆಯ ಕೇಸ್ ಹಿಸ್ಟರಿ ಎನ್ನುತ್ತಾರೆ. ಹಗಲು ರಾತ್ರಿ ಕಿವಿಯಲ್ಲಿ ಮೊರೆತ, ದೂರದಿಂದ ವಾದ್ಯಗಳ ಮೇಲಿನ ಸ್ವರಗಳು ಕೇಳದಿರುವುದು, ಮೆಲ್ಲಗೆ ಮಾತಾಡಿದರೆ ದನಿ ಕೇಳಿದರೂ ಮಾತು ತಿಳಿಯದಿರುವುದು, ಯಾರಾದರೂ ಕೂಗಿದರೆ ಸಹಿಸಲಾಗದಿರುವುದು. ಇವಿಷ್ಟೂ ಒಳಗಿವಿಯ, ನರದ ಕಡೆಯ ಕಿವುಡಿನ ಲಕ್ಷಣಗಳು. ಅಂದಿನ ವೈದ್ಯರು ಬಾದಾಮಿ ಎಣ್ಣೆ ಬಿಟ್ಟರು, ಡ್ಯಾನ್ಯೂಬ್ ನದಿಯ ನೀರಿನಲ್ಲಿ ಸ್ನಾನ ಮಾಡಿಸಿದರು, ತೋಳಿಗೆ ಗುಳ್ಳೆ ಬರಿಸುವ ತೊಗಟೆ ಕಟ್ಟಿದರು. 1802ರಲ್ಲಿ ಹೈಲಿಗೆನ್‌ಸ್ಟಾಟ್ ಎಂಬ ಹಳ್ಳಿಯಲ್ಲಿ ವಿಶ್ರಾಂತಿಗೆಂದು ಇದ್ದಾಗ ಅವನು ತಮ್ಮಂದಿರಿಗೆ ಒಂದು ಮರಣಪತ್ರ ಬರೆದ. ಪ್ರಾಣ ಬಿಡುವ ಯೋಚನೆ ಬಂದಿತ್ತೆಂದೂ, ಮಾಡಬೇಕಾದ ಕೆಲಸ ಬಾಕಿ ಇರುವುದರಿಂದ ತಡೆದುಕೊಂಡೆನೆಂದೂ ಅದರ ಸಾರ. ಅದನ್ನು ಯಾರಿಗೂ ಕಳಿಸಲಿಲ್ಲ. ಸತ್ತ ಮೇಲೆ ಕಾಗದಗಳ ನಡುವೆ ಸಿಕ್ಕಿತು. ವಿಚಿತ್ರವೆಂದರೆ ಅದರಲ್ಲಿ ಒಬ್ಬ ತಮ್ಮನ ಹೆಸರು ಕಾರ್ಲ್ ಎಂದಿದೆ. ಇನ್ನೊಬ್ಬನ ಹೆಸರಿನ ಜಾಗ ಖಾಲಿ. ಆ ಇನ್ನೊಬ್ಬ ತಂದೆಯ ಹೆಸರನ್ನೇ ಹೊತ್ತ ಯೊಹಾನ್. ನಮ್ಮ ಕಥೆಗೆ ಅವನು ಬೇಕು.

ಟ್ರಾಂಬೋನ್ ಎಂದರೆ ಮೈಸೂರು ದಸರೆಯ ಪೊಲೀಸ್ ಬ್ಯಾಂಡಿನಲ್ಲಿ ನಾವೆಲ್ಲ ನೋಡಿರುವ, ಹಿತ್ತಾಳೆಯ ಕೊಳವೆಯನ್ನು ಮುಂದಕ್ಕೂ ಹಿಂದಕ್ಕೂ ಜಾರಿಸಿ ಊದುವ ವಾದ್ಯ. ಬೀಥೋವನನ ಕಾಲದ ತುತ್ತೂರಿ, ಕೊಂಬುಗಳಿಗೆ ಎಲ್ಲ ಸ್ವರಗಳೂ ದಕ್ಕುತ್ತಿರಲಿಲ್ಲ. ಜಾರುವ ಕೊಳವೆಯಿಂದಾಗಿ ಟ್ರಾಂಬೋನಿಗೆ ಮಾತ್ರ ಎಲ್ಲವೂ ಸಿಗುತ್ತಿದ್ದವು. ಹಾಗಾಗಿ ಚರ್ಚುಗಳಲ್ಲಿ ಹಾಡುವವರ ದನಿಗೆ ಆಸರೆಯಾಗಿ ಅದನ್ನು ನುಡಿಸುತ್ತಿದ್ದರು. ಹೀಗೆ ಅದಕ್ಕೆ ದೇವರ, ಸಾವಿನ, ತೀರ್ಪಿನ ದಿನದ ನಂಟು ಬಂತು. ಮೊಜಾರ್ಟ್ ತನ್ನ ಡಾನ್ ಜೊವಾನಿ ಗೀತನಾಟಕದಲ್ಲಿ ಸತ್ತವನ ವಿಗ್ರಹ ಮಾತಾಡುವಾಗ ಟ್ರಾಂಬೋನು ನುಡಿಸಿದ್ದು ಇದೇ ಕಾರಣಕ್ಕೆ. ಬೀಥೋವನ್ 1808ರ ಐದನೆಯ ಸಿಂಫನಿಯಲ್ಲಿ ಮೂರು ಟ್ರಾಂಬೋನುಗಳನ್ನು ತಂದ. ಮೊದಲ ಮೂರು ಭಾಗ ಮುಗಿಯುವವರೆಗೂ ಆ ಮೂವರು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ; ಕೊನೆಯ ಭಾಗದ ಬೆಳಕು ಒಡೆಯುವಾಗಲೇ ಅವರ ಸರದಿ.

ಅಂದಹಾಗೆ ಈ ಸಂಗೀತ ನಮ್ಮ ನಾಡಿಗೆ ಅಪರಿಚಿತವೇನಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಅದರ ಕಷ್ಟಕಾಲದಲ್ಲಿ ಆಸರೆಯಾಗಿ, ಅದರ ಕಛೇರಿ ಸಂಸ್ಥೆಯ ಮೊದಲ ಅಧ್ಯಕ್ಷರೂ ಆಗಿದ್ದರು. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಲಂಡನ್ನಿನಲ್ಲಿ ಕೇಳಿಬಂದದ್ದು ಅವರ ನೆರವಿನಿಂದ.

ಈಗ 1812ನೇ ಇಸವಿ. ಬೀಥೋವನನಿಗೆ ನಲವತ್ತೊಂದು. ಅದೇ ಬೇಸಿಗೆಯಲ್ಲಿ, ಯಾರೆಂದು ಇಂದಿಗೂ ವಿದ್ವಾಂಸರು ಜಗಳವಾಡುವ ಒಬ್ಬ ಹೆಣ್ಣಿಗೆ ಸುದೀರ್ಘ ಪ್ರೇಮಪತ್ರ ಬರೆದಿದ್ದ. ಟೆಪ್ಲಿಟ್ಸ್ ಎಂಬಲ್ಲಿ ಕವಿ ಗಯಟೆಯನ್ನು ಭೇಟಿ ಮಾಡಿದ್ದ. ಪ್ರೇಮ ಕೈಗೂಡಲಿಲ್ಲ. ಶರತ್ಕಾಲಕ್ಕೆ ಆಸ್ಟ್ರಿಯಾದ ಲಿಂಟ್ಸ್ ಪಟ್ಟಣಕ್ಕೆ, ತಮ್ಮ ಯೊಹಾನನ ಮನೆಗೆ ಬಂದಿಳಿದ. ಯೊಹಾನ್ 1808ರಲ್ಲಿ ಅಲ್ಲಿ ಔಷಧದಂಗಡಿ ಕೊಂಡು, ಮರುವರ್ಷ ಫ್ರೆಂಚ್ ಸೇನೆಗೆ ಔಷಧ ಪೂರೈಸಿ ಚೆನ್ನಾಗಿ ದುಡ್ಡು ಮಾಡಿದ್ದ. ಅವನ ಮನೆಯಲ್ಲಿ ಬಾಡಿಗೆಗಿದ್ದ ವೈದ್ಯನ ನಾದಿನಿ ತೆರೇಸ್ ಓಬರ್‌ಮಾಯರ್ ಎಂಬಾಕೆ ಮನೆವಾರ್ತೆ ನೋಡಿಕೊಳ್ಳುತ್ತ ಅವನ ಸಂಗಾತಿಯೂ ಆಗಿದ್ದಳು. ಅಣ್ಣನಿಗೆ ಇದು ಸಹಿಸಲಿಲ್ಲ. ಅವನು ಲಿಂಟ್ಸ್‌ಗೆ ಬಂದದ್ದೇ ಆ ಸಂಬಂಧ ಮುರಿಯಲು ಎನ್ನುತ್ತಾರೆ. ತಮ್ಮನನ್ನು ಬೈದ. ಬಿಷಪ್ಪರ ಬಳಿ ಹೋದ. ಪೊಲೀಸರ ಬಳಿ ಹೋಗಿ, ಆಕೆಯನ್ನು ಊರು ಬಿಡಿಸುವ ಆಜ್ಞೆಯವರೆಗೂ ಹಟ ಬಿಡಲಿಲ್ಲ. ಒಂದು ಕಡೆ ಈ ರಂಪ. ಅದೇ ಮನೆಯ ಅದೇ ತಿಂಗಳಲ್ಲಿ ಎಂಟನೆಯ ಸಿಂಫನಿ ಮುಗಿಯಿತು. ಅವನ ಸಿಂಫನಿಗಳಲ್ಲೆಲ್ಲ ನಗೆ ಹೆಚ್ಚಿರುವುದು ಅದರಲ್ಲಿ! ಮನುಷ್ಯನ ಮನಸ್ಸಿನ ಕೋಣೆಗಳ ನಡುವೆ ಎಂಥ ದಪ್ಪ ಗೋಡೆಗಳಿರುತ್ತವೆಯೋ.

ಲಿಂಟ್ಸ್ ಪ್ರಧಾನ ಚರ್ಚಿನ ಸಂಗೀತ ಮುಖ್ಯಸ್ಥ ಫ್ರಾಂಟ್ಸ್ ಕ್ಸಾವರ್ ಗ್ಲಾಗ್ಲ್ ಎಂಬುವನು ಬೀಥೋವನನ ಸ್ನೇಹ ಸಂಪಾದಿಸಿದ. ಆ ಊರಿನ ಗೋಪುರ ವಾದಕರ ಮುಖ್ಯಸ್ಥನೂ ಅವನೇ. ಯೂರೋಪಿನ ಊರುಗಳಲ್ಲಿ ಗೋಪುರದ ಮೇಲೆ ನಿಂತು ಹೊತ್ತು ಸಾರಲು, ಬೆಂಕಿ ಕಂಡರೆ ಎಚ್ಚರಿಸಲು, ಹಬ್ಬಹರಿದಿನಗಳಲ್ಲಿ ನುಡಿಸಲು ಊರಿನ ಸಂಬಳದ ವಾದಕರಿರುತ್ತಿದ್ದರು. ನಮ್ಮ ನಗಾರಿಖಾನೆಯ ಹಾಗೆ. ಲಿಂಟ್ಸ್‌ನಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಶವಸಂಸ್ಕಾರದ ವೇಳೆಯಲ್ಲಿ, ಮತ್ತು ನವೆಂಬರ್ 2ರಂದು ಬರುವ ಸತ್ತವರ ಸ್ಮರಣೆಯ ದಿನ, ಟ್ರಾಂಬೋನು ವಾದಕರು ಕೂಡಿ ನಿಧಾನಗತಿಯ ಪುಟ್ಟ ಕೃತಿಗಳನ್ನು ನುಡಿಸುತ್ತಿದ್ದರು. ಅವಕ್ಕೆ ಎಕ್ವಾಲೆ ಎಂದು ಹೆಸರು. ಎಲ್ಲವೂ ಒಂದೇ ಜಾತಿಯ ವಾದ್ಯಗಳಾದ್ದರಿಂದ ಸಮಾನ ಎಂಬರ್ಥದ ಆ ಹೆಸರು ಬಂದಿದೆ. ನಮ್ಮ ಮಹಾಲಯ ಅಮಾವಾಸ್ಯೆಯಂತೆ ಅದು ಊರಿಗೆ ಊರೇ ಹಿರಿಯರನ್ನು ನೆನೆಯುವ ದಿನ.

ಬೀಥೋವನನಿಗೆ ಈ ಪದ್ಧತಿಯಲ್ಲಿ ಕುತೂಹಲ ಹುಟ್ಟಿತು. ಗ್ಲಾಗ್ಲ್ ವಾದಕರನ್ನು ಮನೆಗೆ ಕರೆಸಿ ಅಂಥದೊಂದನ್ನು ನುಡಿಸಿ ಕೇಳಿಸಿದ. ಸ್ಮರಣೆಯ ದಿನಕ್ಕೆ ಹೊಸದಾಗಿ ಬರೆದುಕೊಡಬೇಕೆಂದು ಕೋರಿದ. ಆಗ ಬಾಲಕನಾಗಿದ್ದ ಗ್ಲಾಗ್ಲ್‌ನ ಮಗ ಇದನ್ನೆಲ್ಲ ಮುಂದೆ ಬರೆದಿಟ್ಟಿದ್ದಾನೆ. ಹೀಗೆ ಹುಟ್ಟಿದವು ನಾಲ್ಕು ಟ್ರಾಂಬೋನುಗಳ ಮೂರು ಎಕ್ವಾಲೆಗಳು. 1812ರ ನವೆಂಬರ್ 2ರಂದು ಲಿಂಟ್ಸ್‌ನಲ್ಲಿ ಅವು ಕೇಳಿಬಂದವು. ಅದಾದ ಆರನೇ ದಿನ, ನವೆಂಬರ್ 8ರಂದು, ತಮ್ಮ ಯೊಹಾನ್ ಪೊಲೀಸರ ಆಜ್ಞೆಗೆ ಮದ್ದರೆದವನಂತೆ ತೆರೇಸಳನ್ನು ಚರ್ಚಿನಲ್ಲಿ ಮದುವೆಯಾಗಿಬಿಟ್ಟ. ಅಣ್ಣ ಸೋತು ಮುನಿಸಿಕೊಂಡು ವಿಯೆನ್ನಾದ ಗಾಡಿ ಹತ್ತಿದ.

ಈ ಮೂರು ಕೃತಿಗಳನ್ನು ಕೇಳಿದವರಿಗೆ ಮೊದಲು ಅನ್ನಿಸುವುದು, ಇದರಲ್ಲಿ ಏನೂ ನಡೆಯುವುದೇ ಇಲ್ಲವಲ್ಲ ಎಂದು. ರಾಗದ ಏರಿಳಿತ, ತಾಳದ ಲೆಕ್ಕಾಚಾರಗಳಲ್ಲಿ ಬೆಳೆದ ನಮ್ಮ ಕಿವಿಗೆ ಅದು ಸಹಜ. ನಮ್ಮಲ್ಲಿ ಹಾಡುವವರು ನಾಲ್ವರಿದ್ದರೂ ಎಲ್ಲರದೂ ಒಂದೇ ದಾರಿ. ಇಲ್ಲಿ ನಾಲ್ವರದೂ ಬೇರೆ ಬೇರೆ ಸ್ವರ, ಆದರೆ ಹೆಜ್ಜೆ ಮಾತ್ರ ಒಂದೇ. ಒಬ್ಬ ಅರ್ಧ ಹೆಜ್ಜೆ ತಪ್ಪಿದರೂ ಕೆಡುತ್ತದೆ. ಇದಕ್ಕೆ ನಮಗೆ ಹೊಳೆದ ಹೋಲಿಕೆ, ನಾಲ್ಕು ಜನ ಹೆಗಲು ಕೊಟ್ಟು ಚಟ್ಟ ಹೊತ್ತು ನಡೆಯುವುದು. ಎತ್ತರದವ, ಕುಳ್ಳ, ಮುದುಕ, ಹರೆಯದವ, ಯಾರಾದರೂ ಇರಲಿ, ಭಾರ ಸಮವಾಗಿ ಹಂಚಿ ಒಂದೇ ನಡಿಗೆಯಲ್ಲಿ ಸಾಗಬೇಕು. ಚರ್ಚಿನಲ್ಲಿ ಜನರೆಲ್ಲ ಕೂಡಿ ಹಾಡುವ ಕೋರಾಲ್ ಎಂಬ ಗೀತೆಗಳ ನಡೆಯೂ ಇದೇ. ಮೊದಲನೆಯದು ಮೈನರ್ ಸ್ವರಶ್ರೇಣಿಯಲ್ಲಿದ್ದು ದುಗುಡ ತುಂಬಿದ್ದು. ಎರಡನೆಯದು ಮೇಜರ್, ಸ್ವಲ್ಪ ತಿಳಿಯಾದದ್ದು. ಮೂರನೆಯದು ಎಲ್ಲಕ್ಕಿಂತ ಪುಟ್ಟದು. ಅತ್ತು ಕರೆಯುವ ಸಂಗೀತವಲ್ಲ ಇದು. ಅಳುವವರ ಪಕ್ಕದಲ್ಲಿ ಮಾತಿಲ್ಲದೆ ನಿಂತಿರುವ ಸಂಗೀತ.

ಸಾವಿಗೆ ಊದುವ ವಾದ್ಯ ಬೇಕೆಂಬುದು ಹಲವು ನಾಡುಗಳಿಗೆ ಹೊಳೆದಿದೆ. ಹಳೇ ಮೈಸೂರಿನ ಕಡೆ ದಾಸಯ್ಯ ಮುಂದೆ ನಡೆದು ಶಂಖ ಊದಿ ಜಾಗಟೆ ಬಡಿಯುತ್ತಾನೆ. ಆ ದನಿ ಕೇಳಿದರೆ ಯಾವ ಬೀದಿಯ ಯಾರ ಮನೆ ಎಂದು ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಮೊರೇವಿಯನ್ ಎಂಬ ಕ್ರೈಸ್ತ ಪಂಗಡದಲ್ಲಿ ಯಾರಾದರೂ ತೀರಿಕೊಂಡರೆ ಆ ಸುದ್ದಿಯನ್ನು ಟ್ರಾಂಬೋನುಗಳ ಕೋರಾಲ್ ನುಡಿಸಿ ಊರಿಗೆ ತಿಳಿಸುವ ಪದ್ಧತಿಯಿತ್ತು. ಆ ಪಂಗಡದವರು 1746ರಲ್ಲೇ ಉಟ್ರೆಕ್ಟ್ ಬಳಿಯ ಜೈಸ್ಟ್‌ನಲ್ಲಿ ನೆಲೆಯೂರಿದರು. ಸುರಿನಾಮ್‌ನಿಂದ ಇಲ್ಲಿಗೆ ಬಂದ ಅದೇ ಚರ್ಚಿನ ಕುಟುಂಬಗಳು ಹಿತ್ತಾಳೆ ವಾದ್ಯಗಳ ಬಝಯಿನ್‌ಕೋರ್ ತಂಡಗಳನ್ನು ಉಳಿಸಿಕೊಂಡು ಬಂದಿವೆ. ದೊಡ್ಡ ಹುಟ್ಟುಹಬ್ಬಕ್ಕೂ ಅವೇ, ಶವಸಂಸ್ಕಾರಕ್ಕೂ ಅವೇ. ನಾವು ವಲಸಿಗ ಕನ್ನಡಿಗರು ಹಬ್ಬವನ್ನು ಇಲ್ಲಿಗೆ ತಂದಿದ್ದೇವೆ; ಯುಗಾದಿ, ಗಣೇಶ, ರಾಜ್ಯೋತ್ಸವ ಎಲ್ಲಕ್ಕೂ ನಮ್ಮಲ್ಲಿ ಹಾಡಿದೆ, ಅಡುಗೆಯಿದೆ, ಸಮಿತಿಯಿದೆ. ಸಾವನ್ನು ಮಾತ್ರ ಊರಲ್ಲೇ ಬಿಟ್ಟು ಬಂದಂತೆ ನಡೆದುಕೊಳ್ಳುತ್ತೇವೆ. ಮೊದಲ ತಲೆಮಾರಿನವರಿಗೆ ವಯಸ್ಸಾಗುತ್ತಿದೆ. ಇಲ್ಲಿನ ಚಿತಾಗಾರದಲ್ಲಿ ಯಾವ ಸಂಗೀತ ಹಾಕಬೇಕೆಂದು ಸಿಬ್ಬಂದಿ ವಿನಯದಿಂದ ಕೇಳಿದಾಗ, ಕಂಗೆಟ್ಟ ಮಕ್ಕಳು ಮೊಬೈಲ್ ಫೋನಿನಲ್ಲಿ ಏನನ್ನೋ ಹುಡುಕುವುದನ್ನು ನಾವು ಒಂದೆರಡು ಬಾರಿ ಪಕ್ಕದಲ್ಲಿ ನಿಂತು ಕಂಡಿದ್ದೇವೆ.

ಮತ್ತೆ ಬೀಥೋವನನ ಕಡೆಗೆ. ಎಕ್ವಾಲೆ ಬರೆದ 1812ರಲ್ಲೇ ಅವನು ಒಂದು ದಿನಚರಿ ಇಡಲು ತೊಡಗಿ 1818ರವರೆಗೂ ಬರೆದ. ಅದರಲ್ಲಿ ನಮ್ಮ ನಾಡಿನ ಗ್ರಂಥಗಳಿಂದ ಇಳಿಸಿಕೊಂಡ ಸಾಲುಗಳು ಹಲವಾರಿವೆಯೆಂಬುದು ಹೆಮ್ಮೆಗಿಂತ ಸೋಜಿಗದ ಸಂಗತಿ. ಜರ್ಮನ್ ಅನುವಾದಗಳ ಮೂಲಕ ಫಲಾಪೇಕ್ಷೆಯಿಲ್ಲದ ಕರ್ಮದ ಗೀತಾಬೋಧೆಯೂ ಅವನಿಗೆ ದಕ್ಕಿತ್ತು. ಆಚರಣೆ ಬೇರೆ ಮಾತು. 1815ರಲ್ಲಿ ಮತ್ತೊಬ್ಬ ತಮ್ಮ ಕ್ಷಯದಿಂದ ಸತ್ತಾಗ, ಅವನ ಮಗ ಕಾರ್ಲ್ ತನಗೇ ಸೇರಬೇಕೆಂದು ವಿಧವೆಯಾದ ಯೊಹಾನಾಳ ವಿರುದ್ಧ ಸುಮಾರು ಐದು ವರ್ಷ ಕೋರ್ಟಿಗೆ ಅಲೆದ. ಹೆಸರಿನ ಗುಟ್ಟು ಬಯಲಾದ ಮೊಕದ್ದಮೆ ಇದೇ. ಗೆದ್ದದ್ದು ಅವನೇ, ಆದರೆ ದೊಡ್ಡಪ್ಪನ ಪ್ರೀತಿಯ ಬಿಗಿಯಲ್ಲಿ ಉಸಿರುಗಟ್ಟಿದ ಹುಡುಗ 1826ರಲ್ಲಿ ಪಿಸ್ತೂಲಿನಿಂದ ತಲೆಗೆ ಹೊಡೆದುಕೊಂಡ. ಪುಣ್ಯಕ್ಕೆ ಬದುಕಿದ. ಈ ನಡುವೆಯೇ ಕಿವಿ ಪೂರ್ತಿ ಹೋಗಿ, 1818ರಿಂದ ಬಂದವರೆಲ್ಲ ಪುಸ್ತಕದಲ್ಲಿ ಬರೆದು ತೋರಿಸಿ ಮಾತಾಡಬೇಕಾಯಿತು. 1824ರ ಮೇ 7ರಂದು ಒಂಬತ್ತನೆಯ ಸಿಂಫನಿಯ ಕಛೇರಿಯಲ್ಲಿ, ಹಿಂದೆ ಮೊಳಗುತ್ತಿದ್ದ ಚಪ್ಪಾಳೆ ಕೇಳದೆ ನಿಂತವನನ್ನು ಗಾಯಕಿಯೊಬ್ಬಳು ತೋಳು ಹಿಡಿದು ಜನರ ಕಡೆಗೆ ತಿರುಗಿಸಿದಳು.

1826ರ ಕೊನೆಗೆ, ಕಾರ್ಲ್ ಚೇತರಿಸಿಕೊಳ್ಳಲೆಂದು ಇಬ್ಬರೂ ಹೋದದ್ದು ಅದೇ ತಮ್ಮ ಯೊಹಾನನ ಹಳ್ಳಿಮನೆಗೆ. ಡಿಸೆಂಬರಿನಲ್ಲಿ ತೆರೆದ ಬಂಡಿಯಲ್ಲಿ ವಿಯೆನ್ನಾಕ್ಕೆ ಮರಳುವಾಗ ಚಳಿ ಹಿಡಿದು ಮಲಗಿದವನು ಮತ್ತೆ ಏಳಲಿಲ್ಲ. ಕೆಮ್ಮು ಜ್ವರ ಇಳಿದ ಮೇಲೆ ಕಾಮಾಲೆ, ಕಾಲು ಊತ, ಜಲೋದರ. ಡಾಕ್ಟರ್ ವಾವ್ರುಖ್ ಸಲಹೆಯಂತೆ ಶಸ್ತ್ರವೈದ್ಯ ಸೈಬರ್ಟ್ ಡಿಸೆಂಬರ್ 20ರಿಂದ ಫೆಬ್ರವರಿ 27ರೊಳಗೆ ನಾಲ್ಕು ಬಾರಿ ಹೊಟ್ಟೆ ಚುಚ್ಚಿ ನೀರು ತೆಗೆದ. ಮರಗಟ್ಟಿಸುವ ಮದ್ದಿಲ್ಲ, ಸೋಂಕಿನ ಪರಿವೆಯಿಲ್ಲ. ಚುಚ್ಚಿದ ಗಾಯ ಉರಿತಕ್ಕೆ ತಿರುಗಿ ಸೋರುತ್ತಲೇ ಇತ್ತು. ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸ್ ಮಾಡುತ್ತಿದ್ದ ದಿನಗಳಲ್ಲಿ ಹೊಟ್ಟೆಯ ನೀರು ತೆಗೆಯುವ ಕೆಲಸ ಕಿರಿಯರಾದ ನಮ್ಮ ಪಾಲಿಗೇ ಬರುತ್ತಿತ್ತು. ನೀರು ಇಳಿದಾಗ ಒಂದೆರಡು ದಿನ ರೋಗಿಯ ಮುಖದಲ್ಲಿ ಬರುವ ಕಳೆ ನಮಗೆ ಗೊತ್ತು, ಅದು ಏಕೆ ನಿಲ್ಲುವುದಿಲ್ಲ ಎಂಬುದೂ ಗೊತ್ತು. ಅವನೂ ಮೊದಲ ಸಲ ನೀರು ಚಿಮ್ಮಿದಾಗ ಬಂಡೆಯಿಂದ ನೀರು ಬರಿಸಿದ ಮೋಸೆಸ್‌ಗೆ ವೈದ್ಯನನ್ನು ಹೋಲಿಸಿ ತಮಾಷೆ ಮಾಡಿದನಂತೆ.

1827ರ ಮಾರ್ಚ್ 26ರ ಸಂಜೆ, ಗುಡುಗು ಮಿಂಚಿನ ನಡುವೆ ಪ್ರಾಣ ಹೋಯಿತು. ಐವತ್ತಾರು ವರ್ಷ. ಆ ಗಳಿಗೆಯಲ್ಲಿ ಕೋಣೆಯಲ್ಲಿದ್ದವರು ಸಂಗೀತಗಾರ ಹ್ಯೂಟೆನ್‌ಬ್ರೆನರ್ ಮತ್ತು ಶ್ರೀಮತಿ ವಾನ್ ಬೀಥೋವನ್ ಎಂಬ ಒಬ್ಬ ಹೆಂಗಸು. ಹೆಣದ ತಲೆಯಿಂದ ಒಂದು ಕುಚ್ಚು ಕೂದಲು ಕತ್ತರಿಸಿ ಅವನ ಕೈಗಿತ್ತವಳು ಆಕೆಯೇ. ಅವಳು ಲಿಂಟ್ಸ್‌ನ ತೆರೇಸಳೋ, ಕೋರ್ಟಿಗೆ ಎಳೆಸಿಕೊಂಡ ಯೊಹಾನಾಳೋ ಎಂದು ಚರಿತ್ರಕಾರರು ವಾದಿಸುತ್ತಾರೆ. ಯಾರೇ ಆಗಲಿ, ಅವನು ಊರು ಬಿಡಿಸಲು ಅಥವಾ ಮಗನನ್ನು ಬಿಡಿಸಲು ಹೋರಾಡಿದ್ದ ಇಬ್ಬರು ನಾದಿನಿಯರಲ್ಲಿ ಒಬ್ಬಳು.

ಮರುದಿನದ ಮರಣೋತ್ತರ ಪರೀಕ್ಷೆಯಲ್ಲಿ ಯಕೃತ್ತು ಅರ್ಧಕ್ಕೆ ಕುಗ್ಗಿ ಗಂಟುಗಂಟಾಗಿತ್ತು, ಶ್ರವಣ ನರಗಳು ಸೊರಗಿದ್ದವು. ಕೂದಲಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಭಿಮಾನಿಗಳು ಉಳಿಸಿಕೊಂಡಿದ್ದ ಎಂಟು ಕುಚ್ಚುಗಳನ್ನು 2023ರಲ್ಲಿ ಡಿಎನ್‌ಎ ಪರೀಕ್ಷೆಗೆ ಒಡ್ಡಿದಾಗ ಐದು ಅವನವೆಂದು ತೀರ್ಮಾನವಾಯಿತು. ಸೀಸದ ವಿಷವೇ ಸಾವಿಗೆ ಕಾರಣ ಎಂಬ ವಾದಕ್ಕೆ ಹಿಂದೆ ಆಧಾರವಾಗಿದ್ದ ಕುಚ್ಚು ಒಬ್ಬ ಹೆಂಗಸಿನದಾಗಿತ್ತು! ಹೆಪಟೈಟಿಸ್ ಬಿ ಸೋಂಕು, ಯಕೃತ್ತಿನ ರೋಗಕ್ಕೆ ವಂಶವಾಹಿಯ ಒಲವು, ಜೊತೆಗೆ ಮದ್ಯ. ಈ ಮೂರೂ ಸೇರಿ ಸಿರೋಸಿಸ್ ಆಗಿರಬೇಕು. ಕಿವುಡಿಗೆ ವಂಶವಾಹಿಯಲ್ಲಿ ಕಾರಣ ಸಿಗಲಿಲ್ಲ. 2024ರಲ್ಲಿ ಅವನದೇ ಎರಡು ಕುಚ್ಚುಗಳಲ್ಲಿ ಗ್ರಾಂಗೆ 258 ಮತ್ತು 380 ಮೈಕ್ರೋಗ್ರಾಂ ಸೀಸ ಕಂಡುಬಂತು. ಇರಬೇಕಾದದ್ದು ಹೆಚ್ಚೆಂದರೆ 4. ಒಂದೇ ಏಟಿಗೆ ಕೊಲ್ಲುವಷ್ಟಲ್ಲ, ಆದರೆ ಹೊಟ್ಟೆನೋವಿಗೂ ಕಿವುಡಿಗೂ ಪಾಲು ಕೊಟ್ಟಿರಬಹುದು. ಇನ್ನೊಂದು ಸಂಗತಿಯೂ ಹೊರಬಿತ್ತು. ಇಂದು ಬೆಲ್ಜಿಯಂನಲ್ಲಿರುವ ಬೀಥೋವನ್ ಮನೆತನದ ಗಂಡಸರ ವೈ ಕ್ರೋಮೋಸೋಮಿಗೂ ಅವನದಕ್ಕೂ ಹೊಂದಿಕೆಯಿಲ್ಲ. ಹಿಂದಿನ ಯಾವುದೋ ತಲೆಮಾರಿನಲ್ಲಿ ತಂದೆ ಬೇರೆ. ವಾನ್ ಎಂಬುದಕ್ಕಾಗಿ ಅಷ್ಟು ನೊಂದವನ ವಂಶವೃಕ್ಷದ ಕೊಂಬೆ ಹೀಗಿತ್ತು.

ಇನ್ನು ಆ ಮೂರು ಎಕ್ವಾಲೆಗಳು. ಲಿಂಟ್ಸ್‌ನ ಬಳಿಕ ಅವು ಅಚ್ಚಾಗದೆ ಉಳಿದಿದ್ದವು; ಹಸ್ತಪ್ರತಿ ವಿಯೆನ್ನಾದ ಪ್ರಕಾಶಕ ಹಾಸ್ಲಿಂಗರನ ಬಳಿಯಿತ್ತು. ಬೀಥೋವನ್ ಉಳಿಯುವುದಿಲ್ಲವೆಂದು ತಿಳಿದಾಗ ಅವನು ಅದನ್ನು ಸಂಗೀತ ನಿರ್ದೇಶಕ ಜೈಫ್ರೀಡನ ಕೈಗಿಟ್ಟ. ಜೈಫ್ರೀಡ್ ಮೊದಲನೆಯ ಮತ್ತು ಮೂರನೆಯ ಕೃತಿಗಳಿಗೆ ಬೈಬಲ್ಲಿನ 51ನೇ ಕೀರ್ತನೆಯ ಮಾತುಗಳನ್ನು ಜೋಡಿಸಿ ಗಂಡಸರ ದನಿಗೆ ಅಳವಡಿಸಿದ. ಮಾರ್ಚ್ 29ರಂದು ವಿಯೆನ್ನಾದ ಶಾಲೆಗಳಿಗೆ ರಜೆ. ಬೀದಿಯಲ್ಲಿ ಸೇರಿದವರು ಹತ್ತು ಸಾವಿರ ಎಂದು ಕೆಲವರು, ಇಪ್ಪತ್ತು ಸಾವಿರಕ್ಕೂ ಮಿಗಿಲೆಂದು ಕೆಲವರು. ಗುಂಪನ್ನು ಹಿಡಿಯಲು ಸೈನಿಕರು ಬರಬೇಕಾಯಿತು. ಮನೆಯಿಂದ ಕೂಗಳತೆಯ ದೂರದಲ್ಲಿದ್ದ ಆಲ್ಸರ್ ಚರ್ಚಿಗೆ ಮೆರವಣಿಗೆ ಸೇರಲು ಒಂದು ಗಂಟೆಗೂ ಮೀರಿ ಹಿಡಿಯಿತು. ಪಂಜು ಹಿಡಿದವರಲ್ಲಿ ಶೂಬರ್ಟ್ ಒಬ್ಬ. ಒಮ್ಮೆ ನಾಲ್ಕು ಟ್ರಾಂಬೋನುಗಳು, ಒಮ್ಮೆ ಗಂಡಸರ ದನಿ, ಮತ್ತೆ ಟ್ರಾಂಬೋನುಗಳು. ಲಿಂಟ್ಸ್‌ನ ಹೆಸರಿಲ್ಲದ ಸತ್ತವರಿಗೆಂದು ಹದಿನಾಲ್ಕು ವರ್ಷಗಳ ಹಿಂದೆ ಬರೆದುಕೊಟ್ಟದ್ದು, ಮನೆಯಿಂದ ಚರ್ಚಿನವರೆಗೆ ಅವನನ್ನು ನಡೆಸಿಕೊಂಡು ಹೋಯಿತು.

ಹಾಡದೆ ಉಳಿದಿದ್ದ ಎರಡನೆಯ ಎಕ್ವಾಲೆಗೆ ಮರುವರ್ಷ, 1828ರಲ್ಲಿ, ಸಮಾಧಿಯ ಕಲ್ಲು ನಿಲ್ಲಿಸಿದಾಗ ಹೊಸ ಸಾಹಿತ್ಯ ಕೂಡಿಸಿ ಹಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಶೂಬರ್ಟ್ ಕೂಡ ಮೂವತ್ತೊಂದನೆಯ ವಯಸ್ಸಿಗೆ ಅದೇ ಸ್ಮಶಾನ ಸೇರಿದ. 1888ರಲ್ಲಿ ಇಬ್ಬರ ಅಸ್ಥಿಗಳನ್ನೂ ವಿಯೆನ್ನಾದ ಕೇಂದ್ರ ಸ್ಮಶಾನಕ್ಕೆ ತಂದು ಹತ್ತಿರ ಹತ್ತಿರದಲ್ಲೇ ಇಟ್ಟಿದ್ದಾರೆ. 1898ರಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಇವೇ ಎಕ್ವಾಲೆಗಳನ್ನು ನುಡಿಸಿದರು. ಇಂದಿಗೂ ನಾಲ್ವರು ಟ್ರಾಂಬೋನು ವಾದಕರು ಒಟ್ಟಿಗೆ ಸಿಕ್ಕರೆ ಮೊದಲು ಕೈಗೆತ್ತಿಕೊಳ್ಳುವ ಕೃತಿಗಳಲ್ಲಿ ಇವೂ ಸೇರಿವೆ. ನಮ್ಮ ಸುತ್ತಮುತ್ತಲಿನ ಊರುಗಳ ಹಿತ್ತಾಳೆ ವಾದ್ಯ ತಂಡಗಳಲ್ಲಿ ಟ್ರಾಂಬೋನು ನುಡಿಸುವ ಶಾಲಾಮಕ್ಕಳಿದ್ದಾರೆ, ನಿವೃತ್ತರಿದ್ದಾರೆ. ಕೇಳಿದರೆ ನುಡಿಸಿ ತೋರಿಸುತ್ತಾರೆ.